ಅಕ್ಕನ ಬಚ್ಚಲಿಗೆ ಯಾವ ಶವರ್?

ಮಂಗಳವಾರ ಬೆಳಗ್ಗೆ ಆರೂಕಾಲಿಗೆ ಬಚ್ಚಲಿನ ನಲ್ಲಿಯ ಹಿಡಿಕೆ ಡ್ರೈವಿಂಗ್ ಮೇಷ್ಟ್ರ ಹೆಂಡತಿಯ ಕೈಗೇ ಕಿತ್ತು ಬಂತು. ತಲೆ ತುಂಬ ಶಾಂಪೂ ನೊರೆ, ಕಣ್ಣು ಮುಚ್ಚಿಕೊಂಡಿದ್ದಾಳೆ, ಶವರಿನಿಂದ ನೀರು ಸುರಿಯುತ್ತಲೇ ಇದೆ, ಅದನ್ನು ನಿಲ್ಲಿಸಬೇಕಾದ ಹಿಡಿಕೆ ಮಾತ್ರ ಅವಳ ಮುಷ್ಟಿಯಲ್ಲಿದೆ. "ರೀ!" ಎಂದು ಅವಳು ಹಾಕಿದ ಕೂಗಿಗೆ, ನಡುಮನೆಯ ಕನ್ನಡಿಯ ಮುಂದೆ ಗಡ್ಡ ಬೋಳಿಸುತ್ತಿದ್ದ ಮೇಷ್ಟ್ರು ಒಂದೇ ಕೆನ್ನೆಯ ಸೋಪಿನಲ್ಲಿ ಮೆಟ್ಟಿಲಿಳಿದು ಓಡಿ ದೊಡ್ಡ ವಾಲ್ವ್ ತಿರುಗಿಸಿದರು. ನೀರು ನಿಂತಿತು. ಜೊತೆಗೆ ಕೆಳಗಿನ ಮನೆಯವರ ನೀರೂ ನಿಂತು, ಅಲ್ಲಿಂದಲೂ ಒಂದು ಕೂಗು ಬಂತು.

ಮಧ್ಯಾಹ್ನ ಪ್ಲಂಬರ್ ಬಂದ. ಗೋಡೆಯನ್ನು ಅಲ್ಲಲ್ಲಿ ಬೆರಳಿನ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, ಮುಖ ಸಣ್ಣಗೆ ಮಾಡಿಕೊಂಡ.

"ಇದು ಇಪ್ಪತ್ತು ವರ್ಷದ ಮಾಲು ಸಾರ್. ಒಳಗೆ ಪೈಪೂ ತುಕ್ಕು ತಿಂದಿದೆ. ಗೋಡೆ ಒಡೀಲೇಬೇಕು. ಗೋಡೆ ಒಡೆದ ಮೇಲೆ ನೆಲ ಸುಮ್ನೆ ಬಿಡೋಕಾಗುತ್ತಾ? ನೀವು ಯಾವ ಶವರ್, ಯಾವ ಟೈಲ್ಸ್ ಅಂತ ನೋಡಿ ಭಾನುವಾರದೊಳಗೆ ತಂದಿಡಿ, ನಾನು ಸೋಮವಾರ ಬರ್ತೀನಿ. ಅಲ್ಲೀವರೆಗೂ ಕೆಳಗಿನ ಈ ನಲ್ಲಿ ಒಂದು ಓಡೋ ಹಾಗೆ ಮಾಡಿರ್ತೀನಿ."

"ಯಾವುದು ಒಳ್ಳೇದು ಅಂತೀಯಪ್ಪ?" ಮೇಷ್ಟ್ರು ಕೇಳಿದರು.

"ಅದು ನಿಮ್ಮಿಷ್ಟ ಸಾರ್."

ಮೇಷ್ಟ್ರಿಗೆ ಲೋಕದಲ್ಲಿ ಇದಕ್ಕಿಂತ ಭಾರವಾದ ಮಾತು ಇನ್ನೊಂದಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅವರು ಜನಕ್ಕೆ ಕಾರು ಓಡಿಸುವುದನ್ನು ಕಲಿಸುತ್ತಿದ್ದರು. ರಸ್ತೆಯ ಮೇಲೆ ಅವರದು ಮಿಂಚಿನಂಥ ಬುದ್ಧಿ. ಕಲಿಯುವವರ ಕಾಲು ತಡವರಿಸುವ ಮೊದಲೇ ಇವರ ಕಾಲು ತಮ್ಮ ಕಡೆಯ ಬ್ರೇಕಿನ ಮೇಲಿರುತ್ತಿತ್ತು. ಕಾರಿನಿಂದ ಇಳಿದರೆ ಮುಗಿಯಿತು. ಎರಡು ಅಂಗಿ ತೋರಿಸಿ ಯಾವುದು ಬೇಕು ಎಂದರೆ ಮೂರನೆಯದನ್ನು ಕೇಳುವ ಆಸಾಮಿ.

ಈ ಸಲದ ಗೊಂದಲಕ್ಕೆ ಇನ್ನೂ ಒಂದು ಕಾರಣವಿತ್ತು. ಅದು ಅಕ್ಕ.

ಅಕ್ಕ ಮೇಷ್ಟ್ರಿಗಿಂತ ಹನ್ನೊಂದು ವರ್ಷ ದೊಡ್ಡವಳು. ಎರಡಾಳು ಒಟ್ಟಿಗೆ ನಿಲ್ಲಲಾಗದಷ್ಟು ಸಣ್ಣ ಅಂಗಡಿಯಲ್ಲಿ ಮೂವತ್ತಾರು ವರ್ಷ ನಿಂತೇ ಬಟ್ಟೆ ಇಸ್ತ್ರಿ ಮಾಡಿದವಳು. ಮದುವೆಯಾಗಲಿಲ್ಲ. ಯಾಕೆಂದು ಯಾರಾದರೂ ಕೆದಕಿದರೆ, "ಊರವರ ಸುಕ್ಕು ತೆಗೆಯೋದ್ರಲ್ಲೇ ಸಾಕಾಗಿದೆ, ಇನ್ನೊಬ್ಬಂದು ಯಾಕೆ?" ಎನ್ನುತ್ತಿದ್ದಳು. ಆರು ತಿಂಗಳ ಹಿಂದೆ ಒಂದು ದಿನ ಇದ್ದಕ್ಕಿದ್ದಂತೆ ಅಂಗಡಿಯ ಬಾಗಿಲು ಎಳೆದು, ಎರಡು ಚೀಲ ಮತ್ತು ತನ್ನ ಭಾರದ ಇಸ್ತ್ರಿಪೆಟ್ಟಿಗೆಯೊಂದಿಗೆ ತಮ್ಮನ ಮನೆಗೆ ಬಂದಿದ್ದಳು. "ನಿಂತೂ ನಿಂತೂ ಬೇಜಾರಾಯ್ತು" ಎಂದಷ್ಟೇ ಹೇಳಿದ್ದಳು.

ಬಂದ ಮೇಲೆ ಒಂದೊಂದೇ ವಿಚಿತ್ರ ಕಾಣತೊಡಗಿತು. ಒಂದು ಸಂಜೆ ತರಕಾರಿ ತರಲು ಹೋದವಳು ಒಂದೇ ಕಾಲಲ್ಲಿ ಚಪ್ಪಲಿ ಹಾಕಿಕೊಂಡು ಹಿಂದಿರುಗಿದಳು. "ಇನ್ನೊಂದೆಲ್ಲಿ ಅತ್ತಿಗೆ?" ಎಂದು ಮೇಷ್ಟ್ರ ಹೆಂಡತಿ ಕೇಳಿದಾಗಲೇ ಅಕ್ಕ ಬಗ್ಗಿ ಕಾಲು ನೋಡಿಕೊಂಡದ್ದು. ಅವಳ ಮುಖದಲ್ಲಿ ನಾಚಿಕೆಗಿಂತ ಬೆರಗೇ ಹೆಚ್ಚಿತ್ತು. ಆ ಚಪ್ಪಲಿ ಔಷಧಿ ಅಂಗಡಿಯ ಮುಂದೆ, ಮನೆಯಿಂದ ಮುನ್ನೂರು ಹೆಜ್ಜೆ ದೂರದಲ್ಲಿ ಸಿಕ್ಕಿತು. ಇನ್ನೊಂದು ಸಲ ಎಡಗಾಲಿನ ಮೇಲೆ ಬೊಬ್ಬೆ ಎದ್ದಿತ್ತು. ಚಪ್ಪಲಿ ಕಚ್ಚಿದೆ ಎಂದಳು. ಮೇಷ್ಟ್ರು ಮೆತ್ತನೆಯ ಹೊಸ ಚಪ್ಪಲಿ ತಂದುಕೊಟ್ಟರು. ತಿಂಗಳೊಳಗೆ ಮತ್ತೆ ಬೊಬ್ಬೆ. ಅಂಗಡಿಯವನನ್ನು ಬೈದು ಮತ್ತೊಂದು ಜೊತೆ ತಂದರು.

ಅವಳು ಸ್ನಾನ ಮುಗಿಸಿ ಬಂದರೆ ಬಚ್ಚಲಲ್ಲಿ ಎದುರಿಗಿದ್ದವರು ಕಾಣದಷ್ಟು ಹಬೆ. ಅಕ್ಕನಿಗೆ ಶವರ್ ಹಿಡಿಸುತ್ತಿರಲಿಲ್ಲ. ಕೆಳಗಿನ ನಲ್ಲಿಗೆ ಬಕೆಟ್ ಇಟ್ಟು, ಅದರ ಪಕ್ಕ ಸಣ್ಣ ಸ್ಟೂಲಿನ ಮೇಲೆ ಕೂತು, ಮಗ್ಗಿನಲ್ಲಿ ಹೊಯ್ದುಕೊಳ್ಳುತ್ತಿದ್ದಳು. "ಅಷ್ಟು ಬಿಸಿ ಹೇಗೆ ತಡ್ಕೊಳ್ತೀಯೇ?" ಎಂದರೆ, "ಇಸ್ತ್ರಿ ಹಿಡಿದ ಮೈ ಕಣೋ, ನಿಮ್ಮಂಗೆ ಬೆಣ್ಣೆ ಮುದ್ದೆ ಅಲ್ಲ" ಎಂದು ನಗುತ್ತಿದ್ದಳು.

ಗಂಡ ಹೆಂಡತಿ ಅಡುಗೆಮನೆಯಲ್ಲಿ ಪಿಸುಗುಟ್ಟಿಕೊಂಡರು. ಚಪ್ಪಲಿ ಬಿಟ್ಟು ಬರುವುದು, ಬಿಸಿನೀರಿಗೆ ತಣ್ಣೀರು ಬೆರೆಸುವುದನ್ನೇ ಬಿಡುವುದು, ಇವೆಲ್ಲ ಮರೆವಿನ ಲಕ್ಷಣವೇ ಅಲ್ಲವೇ? ಮೇಷ್ಟ್ರು ಕೈಯಲ್ಲಿದ್ದ ಲೋಟ ಕಟ್ಟೆಯ ಮೇಲಿಟ್ಟರು. ಅಮ್ಮ ಹೋದ ಮೇಲೆ ತನಗೆ ಮಗ್ಗಿ ಬಾಯಿಪಾಠ ಮಾಡಿಸಿದವಳಿಗೆ ಮರೆವೇ?

ಹಾಗಾಗಿ ಬುಧವಾರ ಅವರು ಸ್ನಾನದ ಸಾಮಾನಿನ ದೊಡ್ಡ ಮಳಿಗೆಗೆ ಹೋದಾಗ ತಲೆಯಲ್ಲಿ ಎರಡು ಪ್ರಶ್ನೆ ಒಂದರೊಳಗೊಂದು ಸಿಕ್ಕಿಹಾಕಿಕೊಂಡಿದ್ದವು. ಒಳ್ಳೆಯ ಶವರ್ ಯಾವುದು, ಮರೆಯುವವರಿಗೆ ಆಗಿಬರುವ ಶವರ್ ಯಾವುದು. ಅಲ್ಲಿ ನೋಡಿದರೆ ಗೋಡೆಯುದ್ದಕ್ಕೂ ಶವರುಗಳು ಸೂರ್ಯಕಾಂತಿ ಹೂಗಳಂತೆ ತಲೆ ಬಾಗಿಸಿ ನಿಂತಿದ್ದವು. ಚಾವಣಿಯಿಂದ ಮಳೆಯಂತೆ ಸುರಿಯುವುದು, ಗೋಡೆಯಿಂದ ಅಡ್ಡಡ್ಡ ಚಿಮ್ಮುವುದು, ಕೈಯಲ್ಲಿ ಹಿಡಿಯುವುದು, ದೀಪ ಹತ್ತುವುದು. ಒಂದು ಹಾಡನ್ನೂ ಹೇಳುತ್ತಿತ್ತು.

ಕನ್ನಡಕಕ್ಕೆ ಸರಪಳಿ ಕಟ್ಟಿ ಕೊರಳಿಗೆ ಇಳಿಬಿಟ್ಟಿದ್ದ ನಡುವಯಸ್ಸಿನ ಮಾರಾಟದಾಕೆ ಹತ್ತಿರ ಬಂದು ಕೇಳಿದಳು. "ಯಾರಿಗೆ ಸಾರ್?"

"ಮನೆಗೆ."

"ಅದು ಸರಿ. ಮನೇಲಿ ಯಾರ್ಯಾರಿದೀರಿ?"

"ನಾನು, ನಮ್ಮನೆಯವಳು, ನಮ್ಮಕ್ಕ." ಸ್ವಲ್ಪ ತಡೆದು ಮೇಷ್ಟ್ರು ದನಿ ತಗ್ಗಿಸಿದರು. "ಅಕ್ಕಂಗೆ ಇತ್ತೀಚೆಗೆ ಸ್ವಲ್ಪ ಮರೆವು."

ಬಾಯಿಂದ ಬಿದ್ದ ಕೂಡಲೇ ಅವರಿಗೆ ಪಿಚ್ಚೆನಿಸಿತು. ಊರಿಗೆಲ್ಲ ಡಂಗುರ ಹೊಡೆದಂತೆ. ಆಕೆ ಏನೇನೋ ವಿವರಿಸಿದಳು; ಮೇಷ್ಟ್ರ ಕಿವಿಗೆ ಒಂದೂ ಇಳಿಯಲಿಲ್ಲ. ಏಳು ಬಣ್ಣಬಣ್ಣದ ಪುಸ್ತಕ ಹೊತ್ತುಕೊಂಡು ಮನೆಗೆ ಬಂದರು.

ಗುರುವಾರ ಬೆಳಗಿನ ಪಾಠದಲ್ಲಿ ಕಲಿಯಲು ಬಂದಿದ್ದ ಗುಮಾಸ್ತ ನಾಲ್ಕು ರಸ್ತೆ ಕೂಡುವಲ್ಲಿ ಕೇಳಿದ. "ಮೇಷ್ಟ್ರೇ, ಈಗ ಎಡಕ್ಕೋ, ಬಲಕ್ಕೋ?"

"ಎಡಕ್ಕೆ ಬಿಸಿ, ಬಲಕ್ಕೆ ತಣ್ಣೀರು" ಎಂದರು ಮೇಷ್ಟ್ರು.

ಕಾರು ನಡು ಚೌಕದಲ್ಲೇ ಎರಡು ಸಲ ಜಿಗಿದು ನಿಂತುಬಿಟ್ಟಿತು. ಹಿಂದಿನಿಂದ ಒಂದು ಬಸ್ಸು ಉದ್ದಕ್ಕೆ ಹಾರನ್ ಒತ್ತಿತು.

ಆ ಸಂಜೆ ಪುಸ್ತಕಗಳನ್ನು ಊಟದ ಮೇಜಿನ ಮೇಲೆ ಹರಡಿ ಮೂವರೂ ಕೂತರು. ಮೇಷ್ಟ್ರ ಹೆಂಡತಿ ಒಂದು ಹೋಟೆಲಿನಲ್ಲಿ ಕೋಣೆಗಳ ಸ್ವಚ್ಛತೆಯ ಮೇಲ್ವಿಚಾರಕಿ. ದಿನಕ್ಕೆ ನಲವತ್ತು ಬಚ್ಚಲು ನೋಡುವವಳು. ಗಾಜಿನ ಗೂಡಿನ ಚಿತ್ರವನ್ನು ಕಂಡದ್ದೇ ತಡ, ಪುಸ್ತಕ ಮುಚ್ಚಿಬಿಟ್ಟಳು.

"ಗಾಜು ಬೇಡವೇ ಬೇಡ. ನಮ್ಮದು ಗಡಸು ನೀರು. ನಾಲ್ಕು ದಿನಕ್ಕೆ ಬಿಳಿ ಕಲೆ ಕೂತ್ಕೊಳುತ್ತೆ. ಅದನ್ನ ಉಜ್ಜೋದು ಯಾರು, ನೀವಾ?"

"ನಾನೇ ಉಜ್ತೀನಿ."

"ಹೋದ ವರ್ಷ ಫ್ಯಾನ್ ಒರೆಸ್ತೀನಿ ಅಂದವರು ಇನ್ನೂ ಏಣಿ ಹುಡುಕ್ತಾ ಇದೀರಿ."

ಮೇಷ್ಟ್ರು ಮಳೆ ಶವರಿನ ಪುಟ ತೆರೆದರೆ, ಅಷ್ಟು ತೂತುಗಳಲ್ಲಿ ಉಪ್ಪು ಕಟ್ಟಿದರೆ ಹಲ್ಲು ಕಡ್ಡಿಯಲ್ಲಿ ಚುಚ್ಚುತ್ತಾ ಕೂರಬೇಕು ಎಂದಳು. ನೆಲಕ್ಕೆ ನುಣುಪಾದ ಟೈಲ್ಸ್ ತೋರಿಸಿದರೆ ಜಾರುತ್ತದೆ ಎಂದಳು. ತರಿತರಿಯಾದದ್ದನ್ನು ತೋರಿಸಿದರೆ, ತರಿಯಲ್ಲಿ ಕೊಳೆ ಕೂರುತ್ತದೆ ಎಂದಳು. ಸಣ್ಣ ಚೌಕಗಳದ್ದಾದರೆ ಜಾರುವುದಿಲ್ಲವಂತೆ, ಆದರೆ ಸಂದು ಜಾಸ್ತಿ, ಸಂದಿಗೊಂದು ಬ್ರಷ್ಷು. ಮೇಷ್ಟ್ರ ತಲೆ ಮೊಸರು ಗಡಿಗೆಯಾಯಿತು. ಅತ್ತ ದರಿ, ಇತ್ತ ಪುಲಿ.

"ನೀನು ಹೇಳಕ್ಕ. ನಿನಗೇನು ಬೇಕು?"

ಅಕ್ಕ ಮೇಜಿನ ಬಟ್ಟೆಯ ಮಡಿಕೆಯನ್ನು ಅಂಗೈಯಿಂದ ನೀವುತ್ತಿದ್ದಳು. "ನನಗೊಂದು ಬಕೆಟ್ಟು, ಒಂದು ಮಗ್ಗು. ಆ ನಲ್ಲಿ ಓಡ್ತಾ ಇದೆಯಲ್ಲ, ಅಷ್ಟು ಸಾಕು. ನನ್ನ ಲೆಕ್ಕಕ್ಕೆ ಹಿಡೀಬೇಡಿ."

"ಗುಂಡಿ ಒತ್ತಿದರೆ ತಾನೇ ನೀರು ಬರೋದು ಒಂದಿದೆ. ಏನೂ ನೆನಪಿಟ್ಕೊಬೇಕಾಗಿಲ್ಲ..." ಎಂದು ಮೇಷ್ಟ್ರು ಆರಂಭಿಸಿದರು. ಹೆಂಡತಿ ಮೇಜಿನ ಕೆಳಗೆ ಅವರ ಕಾಲು ಒದ್ದಳು. ಅಕ್ಕ ಇಬ್ಬರನ್ನೂ ಒಮ್ಮೆ ನೋಡಿ, ಎದ್ದು ತನ್ನ ಕೋಣೆಗೆ ಹೋದಳು.

ಶುಕ್ರವಾರ ಬೆಳಗ್ಗೆ ಅಕ್ಕ ಬಚ್ಚಲಲ್ಲಿದ್ದಾಗ ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯಲು ತಣ್ಣೀರಿನ ನಲ್ಲಿ ತಿರುಗಿಸಿದಳು. ಸ್ವಲ್ಪ ಹೊತ್ತಿಗೆ ಬಚ್ಚಲ ಬಾಗಿಲ ಕೆಳಗಿನಿಂದ ಹಬೆ ತೆವಳಿಕೊಂಡು ಹೊರಗೆ ಬಂತು. ಮೇಷ್ಟ್ರು ಬಾಗಿಲು ತಟ್ಟಿದರು. ಅಕ್ಕ ಸೀರೆ ಸುತ್ತಿಕೊಂಡು ಬಾಗಿಲು ತೆರೆದಳು. ಬಕೆಟ್ಟಿಗೆ ಬೆರಳು ಅದ್ದಿದ ಮೇಷ್ಟ್ರು "ಅಯ್ಯಪ್ಪಾ!" ಎಂದು ಕೈ ಎಳೆದುಕೊಂಡರು.

"ಅಕ್ಕಾ, ಇದು ಕುದೀತಾ ಇದೆಯಲ್ಲೇ!"

"ಹೌದಾ?" ಅಕ್ಕ ಬಕೆಟ್ಟನ್ನೂ ನಲ್ಲಿಯನ್ನೂ ನೋಡಿದಳು. "ಮೈಗೆ ಹೊಯ್ಕೊಂಡಾಗ ಹದವಾಗೇ ಇತ್ತಲ್ಲ, ಕಾಲಿಗೆ ಹೊಯ್ಯೋದಷ್ಟೇ ಬಾಕಿ ಇತ್ತು. ನಾನೇ ತಿರುಗಿಸಿಬಿಟ್ನೇನೋ. ನೆನಪಿಲ್ಲ ಕಣೋ."

ನೆನಪಿಲ್ಲ ಎಂಬ ಮಾತು ಅವಳ ಬಾಯಿಂದಲೇ ಬಂದ ಮೇಲೆ ಮೇಷ್ಟ್ರು ಅಂದು ಎರಡು ಪಾಠ ರದ್ದು ಮಾಡಿದರು. ಯಾವ ವೈದ್ಯರಿಗೆ ತೋರಿಸುವುದು, ಅಕ್ಕನಿಗೆ ಏನೆಂದು ಹೇಳಿ ಕರೆದೊಯ್ಯುವುದು, ಏನೂ ತೋಚಲಿಲ್ಲ.

ಶನಿವಾರ ಮೂವರೂ ಮಳಿಗೆಗೆ ಹೋದರು. ಅಕ್ಕ ಒಲ್ಲೆ ಎಂದಿದ್ದಳು. "ಬಣ್ಣ ಆರಿಸೋದಕ್ಕಾದ್ರೂ ಬನ್ನಿ" ಎಂದು ಮೇಷ್ಟ್ರ ಹೆಂಡತಿ ಪುಸಲಾಯಿಸಿ ಕಾರಿನಲ್ಲಿ ಕೂರಿಸಿಕೊಂಡಿದ್ದಳು. ಮಾರಾಟದಾಕೆ ಈ ಸಲ ಅವರನ್ನು ಹಿಂಬದಿಗೆ ಕರೆದೊಯ್ದಳು. ಅಲ್ಲಿ ನಿಜವಾಗಿಯೂ ನೀರು ಬರುವ ನಾಲ್ಕೈದು ಶವರುಗಳನ್ನು ನೆಲದ ತೊಟ್ಟಿಯ ಮೇಲೆ ಜೋಡಿಸಿದ್ದರು.

"ಇದು ಹಳೇ ಥರದ್ದು. ಬಿಸಿಗೆ ಒಂದು ಹಿಡಿಕೆ, ತಣ್ಣಗಿನದ್ದಕ್ಕೆ ಒಂದು" ಎಂದು ಆಕೆ ಮೊದಲನೆಯದನ್ನು ತಿರುಗಿಸಿದಳು. "ಇದರ ಪಕ್ಕದ್ದು ಹೊಸತು. ಇದರಲ್ಲಿ ಎಷ್ಟು ಬಿಸಿ ಬೇಕೋ ಅಷ್ಟಕ್ಕೆ ಗುರುತು ಇಟ್ಟರೆ, ಮನೇಲಿ ಬೇರೆ ಯಾರು ಯಾವ ನಲ್ಲಿ ತಿರುಗಿಸಿದ್ರೂ ನೀರು ಅದೇ ಹದದಲ್ಲಿರುತ್ತೆ. ವ್ಯತ್ಯಾಸ ಗೊತ್ತಾಗ್ಲಿ ಅಂತ ಎರಡೂ ಬಿಡ್ತೀನಿ, ಕೈ ಹಿಡಿದು ನೋಡಿ."

ಮೇಷ್ಟ್ರು ಹೊಸತರ ಕೆಳಗೆ ಕೈ ಹಿಡಿದರು. ಹಿತವಾಗಿತ್ತು. ಹೆಂಡತಿ ಶವರಿನ ತೂತುಗಳನ್ನು ಕಣ್ಣು ಕಿರಿದಾಗಿಸಿ ಪರೀಕ್ಷಿಸುತ್ತಿದ್ದಳು. ಅಷ್ಟರಲ್ಲಿ ಅಕ್ಕ, ಬೇಜಾರಿಗೋ ಏನೋ, ಎಡಗಾಲಿನ ಚಪ್ಪಲಿ ಕಳಚಿ, ಪಕ್ಕದ ಗೋಡೆಗೆ ಕೈ ಕೊಟ್ಟು, ಹಳೆಯ ಥರದ ಶವರಿನ ನೀರಿಗೆ ಪಾದ ಒಡ್ಡಿದಳು. ಮಾರಾಟದಾಕೆ ಹೊಸದರ ಗುಣಗಾನದಲ್ಲಿ ಹಳೆಯದರ ತಣ್ಣೀರಿನ ಹಿಡಿಕೆ ಮುಚ್ಚಿದ್ದಳು. ಬಿಸಿ ಹೇಗೆ ಏರುತ್ತದೆಂದು ತೋರಿಸುವುದು ಅವಳ ಉದ್ದೇಶ. ನೀರಿನಿಂದ ಹಬೆ ಏಳತೊಡಗಿತು.

"ಇದಿನ್ನೂ ಬಿಸಿಯಾಗಿಲ್ಲ" ಎಂದಳು ಅಕ್ಕ.

ಮಾರಾಟದಾಕೆ ತಿರುಗಿ ನೋಡಿದವಳೇ ಕೈ ಚಾಚಿ, ನೀರು ತಾಗಿದ್ದೇ "ಹಾ!" ಎಂದು ಚೀರಿ, ಇನ್ನೊಂದು ಕೈಯಿಂದ ಹಿಡಿಕೆ ಮುಚ್ಚಿದಳು. ಎಲ್ಲರೂ ಅಕ್ಕನ ಕಾಲು ನೋಡಿದರು. ಪಾದದ ಮೇಲ್ಭಾಗ ಕೆಂಪಗೆ ಕೆಂಡದಂತಾಗಿತ್ತು. ಅಕ್ಕನ ಮುಖದಲ್ಲಿ ನೋವಿನ ಒಂದು ಗೆರೆಯೂ ಇರಲಿಲ್ಲ. ಇವರೆಲ್ಲ ಯಾಕೆ ಹೀಗೆ ಕಣ್ಣು ಬಿಟ್ಟಿದ್ದಾರೆ ಎಂದು ಅವಳು ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದಳು.

"ಉರೀತಾ ಇಲ್ವಾ ಅಮ್ಮಾ?" ಮಾರಾಟದಾಕೆ ಕೇಳಿದಳು.

"ಇಲ್ವಲ್ಲ."

"ಒಂಚೂರೂ?"

"ಯಾಕೆ, ಉರೀಬೇಕಾಗಿತ್ತಾ?"

ಮಾರಾಟದಾಕೆ ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ, ಪಾದದ ಮೇಲೆ ತಣ್ಣೀರು ಬಿಡುತ್ತಾ ಹೇಳಿದಳು. "ಸಾರ್, ಶವರ್ ನಾಳೆ ನೋಡೋಣ. ಮೊದಲು ಡಾಕ್ಟ್ರ ಹತ್ರ ಹೋಗಿ. ನಮ್ಮ ದೊಡ್ಡಪ್ಪಂಗೂ ಹೀಗೇ ಆಗಿತ್ತು."

ಹದಿನೈದು ನಿಮಿಷ ತಣ್ಣೀರು ಬಿಟ್ಟ ಮೇಲೆ, ಎರಡು ಬೀದಿ ಆಚೆಗಿದ್ದ ಕ್ಲಿನಿಕ್ಕಿಗೆ ಹೋದರು. ಮೇಷ್ಟ್ರು ಕಾರನ್ನು ಅಡ್ಡಾದಿಡ್ಡಿ ನಿಲ್ಲಿಸಿದರು. ಅವರ ಶಿಷ್ಯರು ಯಾರಾದರೂ ಹಾಗೆ ನಿಲ್ಲಿಸಿದ್ದರೆ ಆ ದಿನವೇ ಗ್ರಹಚಾರ ಬಿಡಿಸುತ್ತಿದ್ದರು. ವೈದ್ಯೆ ಸುಟ್ಟ ಜಾಗ ನೋಡಿ, ಮುಲಾಮು ಹಚ್ಚಿ, ಅಕ್ಕನನ್ನು ಎತ್ತರದ ಮಂಚದ ಮೇಲೆ ಕಾಲು ಚಾಚಿಸಿ ಮಲಗಿಸಿದರು. ಪೆನ್ನಿನಂಥ ಹಿಡಿಕೆಗೆ ಸಿಕ್ಕಿಸಿದ್ದ ತೆಳ್ಳಗಿನ ನೈಲಾನ್ ಎಳೆಯೊಂದನ್ನು ಕೈಗೆ ತೆಗೆದುಕೊಂಡರು.

"ಕಣ್ಣು ಮುಚ್ಕೊಳಿ ಅಮ್ಮ. ಇದು ಕಾಲಿಗೆ ಎಲ್ಲೆಲ್ಲಿ ತಾಗಿದ್ದು ಗೊತ್ತಾಗುತ್ತೋ ಅಲ್ಲಲ್ಲಿ ಹೂಂ ಅನ್ನಿ."

ವೈದ್ಯೆ ಹೆಬ್ಬೆರಳಿಗೆ ಎಳೆ ತಾಗಿಸಿ, ಅದು ಬಾಗುವಷ್ಟು ಒತ್ತಿದರು. ಅಕ್ಕ ಸುಮ್ಮನಿದ್ದಳು. ಮಧ್ಯದ ಬೆರಳು. ಕಿರುಬೆರಳು. ಅಂಗಾಲು. ಹಿಮ್ಮಡಿ. ಇನ್ನೊಂದು ಕಾಲಿನ ಹೆಬ್ಬೆರಳು. ಮೇಷ್ಟ್ರು ಗೋಡೆಗೊರಗಿ ನಿಂತು, ಎಳೆ ಬಾಗುವುದನ್ನೂ ಅಕ್ಕನ ಮುಚ್ಚಿದ ತುಟಿಯನ್ನೂ ನೋಡುತ್ತಿದ್ದರು. ಈಗ ಹೂಂ ಎನ್ನುತ್ತಾಳೆ, ಈಗ ಎನ್ನುತ್ತಾಳೆ ಎಂದು ಕಾದರು.

"ನಾನು ತಯಾರಿದೀನಿ ಡಾಕ್ಟ್ರೇ" ಎಂದಳು ಅಕ್ಕ, ಕಣ್ಣು ಮುಚ್ಚಿಕೊಂಡೇ. "ಶುರು ಮಾಡಿ."

ಹೆಂಡತಿ ಮೇಷ್ಟ್ರ ತೋಳು ಹಿಡಿದುಕೊಂಡಳು. ಎಳೆ ಕಣಕಾಲಿನ ಮೇಲೆ ಬಂದಾಗ ಅಕ್ಕ ಮೊದಲ ಸಲ "ಹೂಂ" ಎಂದಳು.

ಬೆರಳಿಗೆ ಚುಚ್ಚಿ ರಕ್ತ ನೋಡಿದರು. ಸಕ್ಕರೆ ಕಾಯಿಲೆ, ಬಹುಶಃ ಎಷ್ಟೋ ವರ್ಷದ್ದು, ಯಾರೂ ನೋಡಿರಲಿಲ್ಲ. ಪಾದದ ನರಗಳು ಸೋತಿವೆ ಎಂದರು ವೈದ್ಯೆ. ಮಾತ್ರೆ, ಪಥ್ಯ, ಸಕ್ಕರೆ ಹತೋಟಿಗೆ ತಂದರೆ ಇನ್ನಷ್ಟು ಕೆಡದಂತೆ ನೋಡಿಕೊಳ್ಳಬಹುದು; ಹೋದದ್ದು ಪೂರ್ತಿ ತಿರುಗಿ ಬರುತ್ತದೆಂದು ಹೇಳಲಾಗದು. ಕಾಲಿಗೆ ಗಾಯವಾದರೂ ಇವರಿಗೆ ತಿಳಿಯುವುದಿಲ್ಲ, ಅದಕ್ಕೇ ದಿನಾ ಯಾರಾದರೂ ಪಾದ ನೋಡಬೇಕು. ಬಿಸಿನೀರಿನ ಬಗ್ಗೆ ಹುಷಾರು.

ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಮಂಚದಿಂದ ಮುಂದಕ್ಕೆ ಬಗ್ಗಿ ಕೇಳಿದಳು. "ತಲೆ?"

"ಏನು ತಲೆ?"

"ತಲೆ ಸರಿ ಇದೆಯಾ ಅಂತ. ಮರೆವು ಗಿರೆವು?"

ವೈದ್ಯೆ ಅವಳನ್ನು ಹತ್ತಾರು ಪ್ರಶ್ನೆ ಕೇಳಿದರು. ವಾರ, ತಿಂಗಳು, ನೂರರಿಂದ ಏಳೇಳು ಕಳೆಯುವುದು. ಅಕ್ಕ ಪಟಪಟನೆ ಎರಡಕ್ಕೆ ಇಳಿದು ನಿಂತಳು. ವೈದ್ಯೆ ನಕ್ಕು, "ನನಗಿಂತ ಚೆನ್ನಾಗಿದೆ" ಎಂದರು.

ಕಾರಿನಲ್ಲಿ ಕೂತ ಮೇಲೆ ಅಕ್ಕ ನಗತೊಡಗಿದಳು. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಮೇಷ್ಟ್ರಿಗೆ ಏನೂ ಅರ್ಥವಾಗಲಿಲ್ಲ. ಇಷ್ಟು ದೊಡ್ಡ ಕಾಯಿಲೆ ತಲೆಗೆ ಕಟ್ಟಿ ಕಳಿಸಿದ್ದಾರೆ, ಇವಳು ನಗುತ್ತಿದ್ದಾಳೆ. ಹೆಂಡತಿಯ ಮುಖ ನೋಡಿದರು, ಅವಳು ಅಳುತ್ತಿದ್ದಳು. ಇಬ್ಬರಲ್ಲಿ ಯಾರನ್ನು ಸಮಾಧಾನ ಮಾಡಬೇಕು ಎಂಬುದೂ ಅವರಿಗೆ ಹೊಳೆಯಲಿಲ್ಲ. ಕೀಲಿ ಹಿಡಿದು ಸುಮ್ಮನೆ ಕೂತರು.

"ನೀವಿಬ್ರೂ ಅಡುಗೆಮನೇಲಿ ಮಾತಾಡ್ಕೊಳ್ತಿದ್ದದ್ದು ನಂಗೆ ಕೇಳಿಸ್ತಿತ್ತು" ಎಂದಳು ಅಕ್ಕ ಉಸಿರು ಸುಧಾರಿಸಿಕೊಂಡು. "ಕಾಲಿಗೆ ಗೊತ್ತಾಗಲ್ಲ ಅಷ್ಟೆ, ಕಿವಿ ಚೆನ್ನಾಗೇ ಇದೆ. ಹುಚ್ಚು ಹಿಡೀತಾ ಇದೆ ಅಂತ ನಾನೇ ನಂಬಿಬಿಟ್ಟಿದ್ದೆ ಕಣೋ. ಚಪ್ಪಲಿ ಎಲ್ಲಿ ಬಿಟ್ಟೆ ಅಂತ ರಾತ್ರಿಯೆಲ್ಲ ಯೋಚ್ನೆ ಮಾಡ್ತಿದ್ದೆ. ಬಿಟ್ಟಿದ್ದು ನೆನಪಿದ್ರೆ ತಾನೆ! ನಾನು ಬಿಡಲೇ ಇಲ್ಲ, ಅದೇ ಜಾರಿ ಹೋಗಿತ್ತು."

"ಎಷ್ಟು ದಿನದಿಂದ ಹೀಗಿದೆ ಅಕ್ಕಾ?"

"ಎರಡು ವರ್ಷ ಆಯ್ತೇನೋ. ಹತ್ತಿ ಮೇಲೆ ನಡೆದ ಹಾಗೆ. ನಿಂತು ನಿಂತು ಮರಗಟ್ಟಿದೆ ಅಂದ್ಕೊಂಡೆ. ಅಂಗಡೀಲಿ ಒಂದ್ಸಲ ಕೆಂಡ ಬಿದ್ದು ಚಪ್ಪಲಿ ಸುಟ್ಟಿತ್ತು. ವಾಸನೆ ಬಂದ ಮೇಲೆ ಬಗ್ಗಿ ನೋಡ್ದೆ. ಆವತ್ತೇ ಬಾಗಿಲು ಹಾಕಿದ್ದು."

"ನಮಗೆ ಹೇಳಬಾರದಾಗಿತ್ತಾ ಅತ್ತಿಗೆ?"

"ಏನಂತ ಹೇಳಲಿ ಕಣೇ? ನೋವಿದ್ರೆ ನೋವು ಅಂತ ಹೇಳಬಹುದು. ಏನೂ ಆಗ್ತಿಲ್ಲ ಅಂತ ಹೋಗಿ ಹೇಳೋದು ಹೇಗೆ?"

ಇಪ್ಪತ್ತೆರಡು ವರ್ಷ ಪರರ ಪಾದಗಳನ್ನೇ ನೋಡಿ ಬದುಕಿದವರು ಮೇಷ್ಟ್ರು. ಕ್ಲಚ್ಚಿನ ಮೇಲೆ ಯಾರ ಕಾಲು ನಡುಗುತ್ತಿದೆ, ಯಾರದು ಅಳುಕುತ್ತಿದೆ, ಎಲ್ಲ ಓರೆಗಣ್ಣಿನಲ್ಲೇ ತಿಳಿಯುತ್ತಿತ್ತು. ಅಕ್ಕನಿಗೆ ಮಾತ್ರ ಎರಡು ಜೊತೆ ಚಪ್ಪಲಿ ತಂದುಕೊಟ್ಟು ಕೈತೊಳೆದುಕೊಂಡಿದ್ದರು.

ಭಾನುವಾರ ಮತ್ತೆ ಮಳಿಗೆ. ಈಗಲಾದರೂ ಆಯ್ಕೆ ಸಲೀಸಾದೀತೆಂದು ಮೇಷ್ಟ್ರು ಎಣಿಸಿದ್ದರೆ ಅದು ಸುಳ್ಳಾಯಿತು. ಹದ ಕಾಯುವ ನಲ್ಲಿ ಬೇಕೆಂಬುದೇನೋ ಖಚಿತವಾಯಿತು. ಅದರಲ್ಲಿ ಮೂವತ್ತೆಂಟು ಡಿಗ್ರಿಯ ಗುರುತಿನ ಬಳಿ ಒಂದು ತಡೆ ಗುಂಡಿ ಇತ್ತು. ಅದನ್ನು ಒತ್ತಿ ಹಿಡಿಯದೆ ಅದಕ್ಕಿಂತ ಬಿಸಿಗೆ ತಿರುಗಿಸಲಾಗದು. ಆದರೆ ಅದರಲ್ಲೇ ಐದು ಬಗೆ. ಅಕ್ಕ ಈಗ ತಾನೇ ಮುಂದೆ ನಿಂತಿದ್ದಳು.

"ಮೇಲಿಂದ ಸುರಿಯೋದು ಬೇಡ. ದಿನಾ ತಲೆ ನೆನೆಸೋಕೆ ನಾನೇನು ಬಾತುಕೋಳಿನಾ? ಕೈಲಿ ಹಿಡಿಯೋದು ಕೊಡಿ. ಕೂತ್ಕೊಂಡು ಎಲ್ಲಿಗೆ ಬೇಕೋ ಅಲ್ಲಿಗೆ ಬಿಟ್ಕೊತೀನಿ. ನಿಂತು ಮಾಡೋರು ಮೇಲೆ ಸಿಕ್ಕಿಸ್ಕೊಳ್ಳಲಿ."

ಗೋಡೆಯ ಉದ್ದದ ಸರಳಿನಲ್ಲಿ ಮೇಲೆ ಕೆಳಗೆ ಜಾರಿಸಬಹುದಾದ ಕೈಶವರ್ ಒಂದನ್ನು ಮಾರಾಟದಾಕೆ ತೆಗೆದಳು. ಮೇಷ್ಟ್ರ ಹೆಂಡತಿ ಅದರ ಮುಖವನ್ನು ತಿರುವಿ ನೋಡಿದಳು. ತೂತುಗಳು ಮೆತ್ತಗಿನ ರಬ್ಬರಿನವು. ಉಪ್ಪು ಕಟ್ಟಿದರೆ ಹೆಬ್ಬೆರಳಲ್ಲಿ ಉಜ್ಜಿದರೆ ಉದುರುತ್ತದೆ. ಅವಳು ತಲೆದೂಗಿದಳು. ಗಾಜಿನ ಬದಲು ಒಗೆಯಬಹುದಾದ ಪರದೆ. ನೆಲಕ್ಕೆ ಮಾತ್ರ ಇಬ್ಬರಿಗೂ ಜಟಾಪಟಿ. ಕಡೆಗೆ ಅಕ್ಕ ಟೈಲ್ಸುಗಳನ್ನು ನೆಲದಲ್ಲಿ ಜೋಡಿಸಿ ನೀರು ಚೆಲ್ಲಿಸಿ, "ನೀನು ಹತ್ತಿ ನಡಿಯೋ" ಎಂದು ತಮ್ಮನಿಗೆ ಹೇಳಿದಳು. "ನನ್ನ ಕಾಲಿಗಂತೂ ಎಲ್ಲಾ ಒಂದೇ." ಮೇಷ್ಟ್ರು ಪ್ಯಾಂಟು ಮಡಚಿ, ಬರಿಗಾಲಲ್ಲಿ ಆ ಮಳಿಗೆಯ ಗಿರಾಕಿಗಳೆಲ್ಲ ನೋಡುತ್ತಿರುವಾಗ ಒಂಬತ್ತು ಬಗೆಯ ಟೈಲ್ಸಿನ ಮೇಲೆ ನಡೆದರು. ಎರಡರಲ್ಲಿ ಜಾರಿದರು. ಹೊಳಪಿಲ್ಲದ, ಬೂದು ಬಣ್ಣದ, ಅಂಗೈಯಗಲದ ಟೈಲ್ಸು ಗೆದ್ದಿತು. ಹೆಂಡತಿ ಅದಕ್ಕೆ ಮಣ್ಣು ಸವರಿಸಿ, ಒರೆಸಿ, ಮತ್ತೊಮ್ಮೆ ಸವರಿಸಿ ಒರೆಸಿ ಒಪ್ಪಿದಳು.

ಕೈಯಾಸರೆಯ ಸರಳಿನ ಮಾತು ಬಂದಾಗ ಅಕ್ಕ ಮುನಿದಳು. "ಆಸ್ಪತ್ರೆ ಮಾಡಬೇಡಿ ಮನೇನ."

"ನಂಗೂ ಬೇಕು ಅತ್ತಿಗೆ, ಸೋಪು ಹಚ್ಕೊಂಡು ಒಂಟಿಕಾಲಲ್ಲಿ ನಿಲ್ಲೋದು ನಾನೇ ತಾನೆ" ಎಂದಳು ಮೇಷ್ಟ್ರ ಹೆಂಡತಿ. ಅಕ್ಕ ಅವಳನ್ನು ಬಹಳ ಹೊತ್ತು ದಿಟ್ಟಿಸಿದಳು. ನಂಬಲಿಲ್ಲ, ಆದರೆ ಬೇಡ ಎನ್ನಲೂ ಇಲ್ಲ.

ಸೋಮವಾರ ಪ್ಲಂಬರ್ ಬಂದು ಪೆಟ್ಟಿಗೆ ಬಿಚ್ಚಿ, ಮತ್ತೆ ಮುಖ ಸಣ್ಣಗೆ ಮಾಡಿದ. "ಇದಕ್ಕೆ ಒತ್ತಡ ಸಾಲಲ್ಲ ಸಾರ್. ನಿಮ್ಮ ಟ್ಯಾಂಕು ಒಂದೇ ಮಹಡಿ ಮೇಲಿದೆ. ಕಡಿಮೆ ಒತ್ತಡಕ್ಕೆ ಅಂತಾನೇ ಬೇರೆ ಬರುತ್ತೆ." ಮೇಷ್ಟ್ರು ನಾಲ್ಕನೆಯ ಸಲ ಮಳಿಗೆಗೆ ಓಡಿದರು. ಮಾರಾಟದಾಕೆ ಬದಲಿಸಿಕೊಟ್ಟಳು. ಒಂಬತ್ತು ದಿನ ಮನೆಯೆಲ್ಲ ಸಿಮೆಂಟಿನ ಧೂಳು. ಮೂವರೂ ಕೆಳಗಿನ ಮನೆಯವರ ಬಚ್ಚಲಿಗೆ ಟವೆಲ್ ಹೊತ್ತು ಇಳಿದರು. ಅಲ್ಲಿ ಅಕ್ಕನ ಬಕೆಟ್ಟಿಗೆ ಮೊದಲು ಕೈ ಅದ್ದುವ ಕೆಲಸ ಮೇಷ್ಟ್ರ ಹೆಂಡತಿಯದಾಗಿತ್ತು.

ಹತ್ತನೆಯ ದಿನ ಬೆಳಗ್ಗೆ ಹೊಸ ಬಚ್ಚಲಿಗೆ ಮೊದಲು ಹೋದವಳು ಅಕ್ಕ. ಮೇಷ್ಟ್ರು ಬಾಗಿಲಾಚೆ ನಿಂತರು.

"ಬಲಗಡೆ ಗುಂಡಿ ಮುಟ್ಟಬೇಡ ಅಕ್ಕಾ. ಎಡಗಡೇದು ನಿಧಾನಕ್ಕೆ..."

"ನಾನೇನು ಲೈಸೆನ್ಸ್ ತಗೊಳೋಕೆ ಬಂದಿದೀನೇನೋ? ಹೋಗೋ ಆ ಕಡೆ."

ನೀರಿನ ಸದ್ದು ಕೇಳಿಸಿತು. ಹೆಂಡತಿ ಬೇಕೆಂದೇ ಅಡುಗೆಮನೆಯ ನಲ್ಲಿ ಪೂರ್ತಿ ತಿರುಗಿಸಿದಳು. ಇಬ್ಬರೂ ಬಾಗಿಲ ಕೆಳಗಿನ ಸಂದನ್ನೇ ನೋಡುತ್ತಾ ನಿಂತರು. ಹಬೆ ಬರಲಿಲ್ಲ. ಒಳಗೆ ಅಕ್ಕ ಯಾವುದೋ ರಾಗ ಗುನುಗುತ್ತಿದ್ದಳು. ಯಾವ ಹಾಡೆಂದು ಇಬ್ಬರಿಗೂ ಗುರುತು ಹತ್ತಲಿಲ್ಲ.

ಸ್ನಾನವಾದ ಮೇಲೆ ಅಕ್ಕ ನಡುಮನೆಯ ಕುರ್ಚಿಯಲ್ಲಿ ಕೂತಳು. ಮೇಷ್ಟ್ರು ಎದುರಿನ ಮಣೆಯ ಮೇಲೆ ಕೂತು, ತೊಡೆಯ ಮೇಲೆ ಟವೆಲ್ ಹಾಸಿ, "ಕಾಲು ಕೊಡು" ಎಂದರು. ಇಷ್ಟು ದಿನ ವೈದ್ಯೆಯೇ ಪಟ್ಟಿ ಬದಲಿಸುತ್ತಾ ನೋಡಿದ್ದರು. ಇವತ್ತಿನಿಂದ ಅದು ಮನೆಯವರ ಕೆಲಸ. ಅಕ್ಕ ಕಾಲನ್ನು ಸೀರೆಯೊಳಗೆ ಇನ್ನಷ್ಟು ಎಳೆದುಕೊಂಡಳು.

"ಅವಳು ನೋಡ್ಲಿ ಬಿಡೋ. ನಿನ್ನ ಕೈಲಿ..."

"ಅವಳ ಬಸ್ಸು ಏಳೂವರೆಗೆ. ಕೊಡು ಸುಮ್ನೆ."

ಅಕ್ಕ ಸೀರೆ ಸ್ವಲ್ಪ ಸರಿಸಿ ಎಡಗಾಲನ್ನು ಅವರ ತೊಡೆಯ ಮೇಲಿಟ್ಟಳು. ಅದು ಮೇಷ್ಟ್ರು ಎಣಿಸಿದ್ದಕ್ಕಿಂತ ಹಗುರವಾಗಿತ್ತು. ಸುಟ್ಟ ಜಾಗದಲ್ಲಿ ಹೊಸ ಚರ್ಮ ಎಳೆಗೆಂಪಾಗಿ ಕೂಡಿಕೊಂಡಿತ್ತು. ಅವರು ಪಾದವನ್ನು ಮಗುಚಿ ಅಂಗಾಲು ನೋಡಿದರು. ಅದರಲ್ಲಿ ಎಷ್ಟೊಂದು ಗೆರೆ, ಬಿರುಕು, ಗಟ್ಟಿ ಕಟ್ಟಿದ ಜಾಗ. ಇವುಗಳಲ್ಲಿ ಯಾವುದು ಮೂವತ್ತಾರು ವರ್ಷದ ನಿಲುವಿನದು, ಯಾವುದು ನಿನ್ನೆಯದು? ವೈದ್ಯೆ ಕೊಟ್ಟ ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡು ಓದಿದರು, ಮತ್ತೆ ಪಾದ ನೋಡಿದರು.

"ಏನು ಕಾಣಿಸ್ತಿದೆ?" ಅಕ್ಕ ಕೇಳಿದಳು.

"ಏನೂ ಇಲ್ಲ ಅನ್ಸುತ್ತೆ."

"ಅನ್ಸುತ್ತೆ ಅಂದ್ರೇನೋ? ಸರಿಯಾಗಿ ನೋಡು."

ಮೇಷ್ಟ್ರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಕುರ್ಚಿಯನ್ನು ಕಿಟಕಿಯ ಬೆಳಕಿಗೆ ಸ್ವಲ್ಪ ತಿರುಗಿಸಿ, ಕಿರುಬೆರಳಿನ ಸಂದಿನಿಂದ ಮತ್ತೆ ನೋಡಲು ಶುರುಮಾಡಿದರು.